ತಾಯಿಮರದ ಗುರುತಿಲ್ಲದ ಸಸಿ

ಮುಂಗಾರು ಸಮೀಪಿಸಿತೆಂದರೆ ನಮ್ಮ ಕಡೆಯ ರಸ್ತೆಗಳ ಬದಿಯಲ್ಲಿ ಅಡಿಕೆ ಸಸಿಗಳ ಸಾಲು ಕಾಣಿಸಿಕೊಳ್ಳುತ್ತದೆ. ಎಲೆ ಹಚ್ಚಗಿರುತ್ತದೆ, ದರವೂ ಕೈಗೆಟಕುವಂತಿರುತ್ತದೆ. ಯಾವ ಮರದ ಬೀಜ, ಯಾವಾಗ ಹಾಕಿದ್ದು ಎಂದು ಕೇಳಿದರೆ ಮಾರುವವನಿಗೆ ತಿಳಿದಿರುವುದಿಲ್ಲ, ಕೇಳುವವರೂ ಅಪರೂಪ. ಈ ವಿಷಯದಲ್ಲಿ ಸದಸ್ಯ ಬಾಂಧವರ ಮುಂದೆ ನನ್ನ ಅಭಿಪ್ರಾಯವನ್ನು ತುಸು ಖಾರವಾಗಿಯೇ ಇಡುತ್ತಿದ್ದೇನೆ.

ಲಾಲ್‌ಬಾಗಿಗೆ ಹೋದವರೆಲ್ಲ ಗಾಜಿನ ಮನೆ ನೋಡುತ್ತಾರೆ, ಫಲಪುಷ್ಪ ಪ್ರದರ್ಶನದಿಂದ ಗುಲಾಬಿ ಗಿಡ ತರುತ್ತಾರೆ. ಮರದ ಮೇಲಿನ ಸಣ್ಣ ಫಲಕವನ್ನು ಓದುವವರು ಕಡಿಮೆ. ಗಿಡ ಎಲ್ಲಿಂದ ಬಂತು, ಬೀಜವಾಗಿ ಬಂತೋ ಕಡ್ಡಿಯಾಗಿ ಬಂತೋ, ಎಂದು ನೆಟ್ಟದ್ದು ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡುವುದು ಸಸ್ಯತೋಟದ ಮೇಲ್ವಿಚಾರಕನ ಮೊದಲ ಕೆಲಸ. 1874ರಿಂದ 1908ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜಾನ್ ಕ್ಯಾಮರಾನ್ ಹೊರದೇಶಗಳ ಎಷ್ಟೋ ಬೆಳೆಗಳನ್ನು ಇಲ್ಲಿ ಪರೀಕ್ಷಿಸಿದರು. ನಮ್ಮ ಅಡಿಗೆಮನೆಯ ಸೀಮೆಬದನೆ ಅವುಗಳಲ್ಲೊಂದು. ಅವರ ನಂತರ ಬಂದ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಸಸಿ ನೆಡುವಾಗಲೇ ಬೆಳೆದ ಮರವನ್ನು ಕಾಣುವ ಕಣ್ಣು ಅದು.

ನಮಗೂ ಬೇಕಾದದ್ದು ಆ ಕಣ್ಣೇ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಸಸಿ ಹಿಡಿಯುತ್ತವೆ. ಸಸಿಯೊಂದಕ್ಕೆ ಹತ್ತು ರೂಪಾಯಿ ಉಳಿಸಿದರೆ ಉಳಿತಾಯ 5,400 ರೂಪಾಯಿ. ಸಸಿ ಕಳಪೆ ಎಂದು ತಿಳಿಯುವುದು ಐದಾರು ವರ್ಷಗಳ ಮೇಲೆ, ಹಿಂಗಾರ ಒಡೆಯುವ ಕಾಲಕ್ಕೆ. ಅಷ್ಟರೊಳಗೆ ಹಾಕಿದ ಗೊಬ್ಬರ, ನೀರು, ಆಳಿನ ಕೂಲಿಯನ್ನು ಲೆಕ್ಕ ಹಾಕಿ ನೋಡಿ.

ಬೀಜದ ಮರವನ್ನು ನಿಮ್ಮ ತೋಟದಲ್ಲೇ ಆರಿಸುವುದು ಉತ್ತಮ. ಹತ್ತು ವರ್ಷ ದಾಟಿರಬೇಕು, ಪ್ರತಿವರ್ಷ ತಪ್ಪದೆ ಫಸಲು ಕೊಡುತ್ತಿರಬೇಕು, ಗೆಣ್ಣುಗಳು ಹತ್ತಿರವಿರಬೇಕು, ತಲೆ ತುಂಬ ಸೋಗೆಯಿರಬೇಕು. ಅಡಿಕೆಯಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚಾದ್ದರಿಂದ ಸುತ್ತಲಿನ ಮರಗಳೂ ಒಳ್ಳೆಯವಾಗಿರಬೇಕು. ಬಡ ತೋಟದ ನಡುವಿನ ಒಂಟಿ ಸಲಗವನ್ನು ನಂಬಬೇಡಿ. ಚೆನ್ನಾಗಿ ಹಣ್ಣಾದ ನಡುವಿನ ಕೊನೆಗಳಿಂದ ತೂಕದ ಅಡಿಕೆ ತೆಗೆದು ನೀರಿಗೆ ಹಾಕಿ. ತೊಟ್ಟು ಮೇಲಾಗಿ ನೆಟ್ಟಗೆ ತೇಲುವವನ್ನು ಇಟ್ಟುಕೊಳ್ಳಿ. ಅವುಗಳ ಸಸಿಗೆ ಕಸುವು ಹೆಚ್ಚು. ಒಣಗಲು ಬಿಡದೆ, ಕೊಯ್ದ ಕೂಡಲೇ ತೊಟ್ಟು ಮೇಲೆ ಮಾಡಿ ಮರಳಿನ ಪಾತಿಯಲ್ಲಿ ಊರಿ. ಮೊಳಕೆಗೆ ಒಂದೂವರೆ ತಿಂಗಳಾದರೂ ಬೇಕು. ಮೂರು ತಿಂಗಳಿಗೆ ಚೀಲಕ್ಕೆ ಬದಲಿಸಿ. ತೋಟಕ್ಕೆ ಒಯ್ಯುವಾಗ ಎತ್ತರ ನೋಡಿ ಮರುಳಾಗುವುದು ನಮ್ಮವರ ಹಳೆಯ ಚಾಳಿ. ಗಿಡ್ಡನೆಯ, ಬುಡ ದಪ್ಪಗಿರುವ, ಐದು ಎಲೆಗೆ ಕಡಿಮೆಯಿಲ್ಲದ ಸಸಿಯೇ ಲೇಸು. ಉಳಿದದ್ದನ್ನು ಕನಿಕರವಿಲ್ಲದೆ ಬಿಸಾಡಿ. ಈ ಕಡೆಯ ಮಾತನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ.

ಕಾಫಿಯ ವಿಷಯ ಸ್ವಲ್ಪ ಬೇರೆ. ಅರೇಬಿಕಾ ಸ್ವಪರಾಗದ್ದು, ಬೀಜ ಬಹುಮಟ್ಟಿಗೆ ತಾಯಿಯಂತೆಯೇ ಬರುತ್ತದೆ. ರೋಬಸ್ಟಾ ಹಾಗಲ್ಲ, ಮೆಚ್ಚಿನ ಗಿಡದ ಗುಣವೇ ಬೇಕಿದ್ದರೆ ಕಡ್ಡಿ ಅಥವಾ ಕಸಿಯೇ ದಾರಿ. ಎರಡರಲ್ಲೂ ಪಾತಿಯಿಂದ ಚೀಲಕ್ಕೆ ಬದಲಿಸುವಾಗ ತಾಯಿಬೇರು ಡೊಂಕಾದ ಸಸಿಯನ್ನು ತೆಗೆದುಹಾಕಬೇಕು. ಬೇರು ಸೊಟ್ಟಗಿದ್ದರೂ ಎಲೆ ಅದನ್ನು ಹೇಳುವುದಿಲ್ಲ.

“ಕೊಳ್ಳುವುದೇ ಸುಲಭ, ಇಷ್ಟೆಲ್ಲ ಯಾರು ಮಾಡುತ್ತಾರೆ” ಎನ್ನುವ ಸದಸ್ಯರಿದ್ದಾರೆ. ಎರಡೆಕರೆಯ ಹಿಡುವಳಿದಾರರಿಗೆ ಆಳಿನ ತೊಂದರೆ ಇರುವುದು ನಿಜ. ಆದರೆ ಮಲೆನಾಡಿನಲ್ಲಿ ಎಲೆಚುಕ್ಕೆ ರೋಗ ಮಾಡಿದ ಹಾನಿಯನ್ನು ಕಂಡ ಮೇಲೂ, ಎಲ್ಲಿಯದೆಂದು ತಿಳಿಯದ ಸಸಿಯನ್ನು ಲಾರಿಯಲ್ಲಿ ತಂದು ಇಳಿಸುವುದನ್ನು ನಾನು ಒಪ್ಪಲಾರೆ. ಸಸಿಯ ಜೊತೆ ರೋಗವೂ ಬರುತ್ತದೆ.

ಲಾಲ್‌ಬಾಗಿನಲ್ಲಿ ದುಡಿದು ತೋಟಗಾರಿಕೆ ಇಲಾಖೆಯ ನಿರ್ದೇಶಕರಾದ ಡಾ. ಎಂ. ಎಚ್. ಮರೀಗೌಡರು ಸರ್ಕಾರಿ ತೋಟ, ನರ್ಸರಿಗಳನ್ನು ಜಿಲ್ಲೆಜಿಲ್ಲೆಗೆ ಹರಡಿದರು. ಬೆಳೆಗಾರರ ಸಹಕಾರ ಸಂಘಗಳಿಗೂ ಒತ್ತು ಕೊಟ್ಟರು. ಇಂದಿನ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದು. ದ್ರಾಕ್ಷಿಯವರು ಮಾರಾಟಕ್ಕೆ ಒಂದಾದಂತೆ ನಾವು ಸಸಿಗೆ ಒಂದಾಗಬಹುದು. ಆದ್ದರಿಂದ ಬರುವ ಮಹಾಸಭೆಯಲ್ಲಿ ಒಂದು ಸೂಚನೆ ಮಂಡಿಸಲಿದ್ದೇನೆ: ಸಂಘದ್ದೇ ಸಸಿಮಡಿ ಆಗಬೇಕು, ಬೀಜ ಕೊಡುವ ಸದಸ್ಯರ ತೋಟಗಳನ್ನು ನೋಡಿ ತಾಯಿಮರಗಳಿಗೆ ನಂಬರು ಹಾಕಬೇಕು, ಪ್ರತಿ ಚೀಲಕ್ಕೂ ಆ ನಂಬರು ಮತ್ತು ಬಿತ್ತಿದ ತಾರೀಖಿನ ಚೀಟಿ ಇರಬೇಕು. ದರ ರಸ್ತೆಬದಿಯದಕ್ಕಿಂತ ಹೆಚ್ಚಾಗುವುದು ಖಂಡಿತ. ಒಳ್ಳೆಯ ತಾಯಿಮರಗಳಿರುವ ಸದಸ್ಯರು ಕೊನೆಕೊಯ್ಲಿಗೆ ಮೊದಲೇ ಕಛೇರಿಗೆ ಹೆಸರು ಕೊಟ್ಟರೆ ಈ ವರ್ಷವೇ ಆರಂಭಿಸಬಹುದು.