ಕಾಳಿ ಸೇತುವೆ ಬಿದ್ದ ಮೇಲೆ: ಕಬ್ಬಿಣದ್ದಾದ್ರೆ ಸಾಕಾ?

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದರು. ಅದು ಸುಮಾರು 40 ವರ್ಷದ ಕಾಂಕ್ರೀಟ್ ಸೇತುವೆ. ಆಮೇಲೆ ಅಂಗಡಿ ಕಟ್ಟೆಯಲ್ಲಿ ಒಂದೇ ಮಾತು: 'ಕಬ್ಬಿಣದ್ದೇ ಹಾಕ್ಬೇಕಿತ್ತು.'

ಕಬ್ಬಿಣದ್ದು ಅಂದ್ರೆ ಹೆಚ್ಚಾಗಿ ಪ್ಲೇಟ್ ಗರ್ಡರ್. ಉಕ್ಕಿನ ಹಲಗೆಗಳನ್ನು ಕಾರ್ಖಾನೆಯಲ್ಲಿ ವೆಲ್ಡ್ ಮಾಡಿದ, ಇಂಗ್ಲಿಷ್ 'ಐ' ಅಕ್ಷರದಂಥ ತೊಲೆ. ಮೇಲೆ, ಕೆಳಗೆ ದಪ್ಪ ಪಟ್ಟಿ, ನಡುವೆ ತೆಳು ಹಲಗೆ. ಸ್ಥಳಕ್ಕೆ ತಂದು ಕ್ರೇನ್‌ನಲ್ಲಿ ಕೂರಿಸ್ತಾರೆ. ಅದಕ್ಕೇ ರೈಲ್ವೆ ಹಳಿ ಮೇಲಿನ ಸೇತುವೆಗೆ ಇದು ಅನುಕೂಲ, ರೈಲು ಹೆಚ್ಚು ಹೊತ್ತು ನಿಲ್ಲಿಸಬೇಕಿಲ್ಲ.

ಆದರೆ ಉಕ್ಕಿಗೆ ತುಕ್ಕೇ ಶತ್ರು. ಕರಾವಳಿಯಲ್ಲಂತೂ ಉಪ್ಪು ಗಾಳಿ ಬೇರೆ. ರಸ್ತೆ ಜಾಯಿಂಟ್‌ನಿಂದ ಸೋರುವ ನೀರು ಗರ್ಡರ್ ತುದಿಯಲ್ಲಿ ನಿಂತರೆ ಅಲ್ಲಿಂದಲೇ ತಿನ್ನೋಕೆ ಶುರು. ಒಂದು ಸಮಾಧಾನ: ಈ ರೋಗ ಹೊರಗೇ ಕಾಣುತ್ತೆ. ಕಾಂಕ್ರೀಟ್‌ನಲ್ಲಿ ಸರಳು ಒಳಗೇ ತುಕ್ಕು ಹಿಡಿದು, ಬಿರುಕು ಬಿಟ್ಟ ಮೇಲಷ್ಟೇ ಗೊತ್ತಾಗೋದು.

ಹಾಗಾಗಿ ಹೊಸ ಸೇತುವೆಗೆ ಗುದ್ದಲಿ ಪೂಜೆ ಆದಾಗ ಕೇಳಬೇಕಾದ್ದು ಕಬ್ಬಿಣವೋ ಕಾಂಕ್ರೀಟೋ ಅಂತಲ್ಲ. ಮುಂದೆ ಬಣ್ಣ ಬಳಿಯೋರು ಯಾರು? ನೀರಿನ ಪೈಪ್ ಕ್ಲೀನ್ ಮಾಡೋರು ಯಾರು? ಅದಕ್ಕೆ ಪ್ರತಿ ವರ್ಷ ದುಡ್ಡು ಎಲ್ಲಿಂದ? ಸೇತುವೆ ಮುಚ್ಚಿದ ದಿನ ಮೊದಲು ನಷ್ಟ ಆಗೋದು ನಮ್ಮ ಅಂಗಡಿಗೇ.