ಅಡ್ವಾನ್ಸ್ ಎಂಬ ಹಗಲು ದರೋಡೆ!

ಹಾಸನದಿಂದ, ಹಾವೇರಿಯಿಂದ, ರಾಯಚೂರಿನಿಂದ ಕೆಲಸ ಅರಸಿ ಬೆಂಗಳೂರಿಗೆ ಬಂದ ತಮ್ಮಂದಿರೇ, ತಂಗಿಯರೇ! ಈ ರಾಜಧಾನಿ ನಿಮ್ಮನ್ನು ಮೊದಲು ಕೇಳುವುದೇನು? ಹೆಸರಲ್ಲ, ಊರಲ್ಲ. "ಅಡ್ವಾನ್ಸ್ ಎಷ್ಟು ಕೊಡ್ತೀರಿ?"

ತಿಂಗಳಿಗೆ 15,000 ರೂ. ಬಾಡಿಗೆಯ ಮನೆಗೆ, ಹತ್ತು ತಿಂಗಳ ಹಳೇ ರೂಢಿಯಂತೆ 1,50,000 ರೂ.! ಆರು ತಿಂಗಳಿಗೆ ಇಳಿಸಿದರೆ ಅದೇ ಮಹೋಪಕಾರ, ಆಗಲೂ 90,000. ಅವ್ವನ ಓಲೆ ಅಡವಿಟ್ಟು ತಂದ ಹಣ ಅದು. ಆ ಸಾಲಕ್ಕೆ ನಾವು ತಿಂಗಳು ತಿಂಗಳು ಬಡ್ಡಿ ಕಟ್ಟಬೇಕು. ಅದೇ ಹಣ ಮಾಲೀಕನ ಬಳಿ ವರ್ಷಗಟ್ಟಲೆ ಕೂತರೂ ನಮಗೆ ಬಿಡಿಗಾಸಿಲ್ಲ. ಇದು ಭದ್ರತೆಯೋ, ಬಡ್ಡಿಯಿಲ್ಲದ ಸಾಲವೋ?

ಮನೆ ಬಿಡುವ ದಿನ ಇನ್ನೊಂದು ನಾಟಕ. ಗೋಡೆ ಹೇಗೇ ಇರಲಿ, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಖೋತಾ! ಉಳಿದದ್ದು? "ಹೊಸಬರು ಬರಲಿ, ಕೊಡೋಣ." ಗಟ್ಟಿಯಾಗಿ ಕೇಳಿದರೆ ಹನ್ನೊಂದು ತಿಂಗಳ ಕರಾರು ಮುಖಕ್ಕೆ ಹಿಡಿಯುತ್ತಾರೆ. ಅದಿರುವುದು ಇಂಗ್ಲಿಷಿನಲ್ಲಿ! ಮಾಲೀಕ ಕನ್ನಡಿಗ, ಬಾಡಿಗೆದಾರ ಕನ್ನಡಿಗ, ನಡುವೆ ಇಬ್ಬರಿಗೂ ಪೂರ್ತಿ ತಿಳಿಯದ ಕಾಗದ. ನಾಚಿಕೆಯಾಗಬೇಡವೇ? ನವೆಂಬರಿನಲ್ಲಿ ಬಾವುಟ ಹಾರಿಸಿ, ಡಿಸೆಂಬರಿನಲ್ಲಿ ಕನ್ನಡದ ಮಕ್ಕಳ ಅಡ್ವಾನ್ಸ್ ನುಂಗುವುದು ಯಾವ ಸೀಮೆಯ ಅಭಿಮಾನ? ಹೊರಗಿನವರನ್ನು ಬೈಯುವ ಮೊದಲು ನಮ್ಮ ಹೊಸಿಲು ನೋಡಿಕೊಳ್ಳೋಣ.

ಕಾನೂನು ಎಲ್ಲಿದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ 3,500 ರೂ. ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಮನೆಯಿರಲಿ, ಒಂದು ಕೋಣೆ ಸಿಕ್ಕರೆ ಪುಣ್ಯ! ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು, ನ್ಯಾಯವಾದ ಬಾಕಿ ಕಳೆದು ಉಳಿದದ್ದನ್ನು ಮನೆ ಒಪ್ಪಿಸಿದ ದಿನವೇ ಕೊಡಬೇಕು ಎನ್ನುತ್ತದೆ. ಆದರೆ ಅದು ಬರೀ ಮಾದರಿ. ರಾಜ್ಯ ತನ್ನ ಕಾನೂನಾಗಿ ತಂದರಷ್ಟೇ ಅದಕ್ಕೆ ಹಲ್ಲು.

ಆದ್ದರಿಂದ ವಿಧಾನಸೌಧಕ್ಕೆ ನಮ್ಮ ಹಕ್ಕೊತ್ತಾಯ: ಠೇವಣಿ ಎರಡೇ ತಿಂಗಳಿಗೆ ನಿಲ್ಲಲಿ! ಬೀಗದಕೈ ಕೊಟ್ಟ ದಿನವೇ ಹಣ ಕೈಗೆ ಬರಲಿ! ಕರಾರು ಕನ್ನಡದಲ್ಲಿರಲಿ!

ಅಲ್ಲಿಯವರೆಗೆ ಎಚ್ಚರ! ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಳಹೊಕ್ಕ ದಿನವೇ ಗೋಡೆ, ನಲ್ಲಿ, ಬಾಗಿಲಿನ ಫೋಟೊ ತೆಗೆದಿಡಿ. ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. "ಕನ್ನಡದಲ್ಲಿ ಬರೆದು ಕೊಡಿ ಸ್ವಾಮಿ" ಎಂದು ಎದೆಯೆತ್ತಿ ಕೇಳಿ. ಒಬ್ಬರು ಕೇಳಿದರೆ ಮನೆ ಕೈತಪ್ಪಬಹುದು. ಬೀದಿಯ ಎಲ್ಲರೂ ಕೇಳಿದರೆ ರೂಢಿಯೇ ಮುರಿಯುತ್ತದೆ!