ಹಳೆಯ ಕಾರಿನ ತಂತಿಗಳಿಗೆ ಸುತ್ತುವ ಟೇಪು

ನಮ್ಮ ಶರಣಬಂಧುಗಳ ಕೆಲವು ಮನೆಗಳಲ್ಲಿ ಅಂಬಾಸಡರ್ ಕಾರು ಇಂದಿಗೂ ಉಳಿದಿರುವುದುಂಟು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಮೂಡಿದ ಈ ವಾಹನದ ತಯಾರಿಕೆ 2014ರಲ್ಲಿ ನಿಂತಿತು. ಹಿರಿಯರು ಕೊಂಡ ಕಾರೆಂಬ ಅಭಿಮಾನದಿಂದ ಅದಕ್ಕೆ ಹೊಸ ಬಣ್ಣ ಬಳಿಸುತ್ತೇವೆ, ಸೀಟುಗಳಿಗೆ ಹೊಸ ಬಟ್ಟೆ ಹಾಕಿಸುತ್ತೇವೆ. ಬಾನೆಟ್ಟಿನೊಳಗೆ ಹಾಯ್ದಿರುವ ತಂತಿಗಳ ಕಟ್ಟನ್ನು ಮಾತ್ರ ನೋಡುವವರು ಕಡಮೆ. ಕೂಡಲಸಂಗಮಕ್ಕೋ ಉಳವಿಗೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವ ಕಾರಿಗೆ ಬೆಂಕಿಯ ಭಯವಿರುವುದು ಅಲ್ಲಿಯೇ.

ದುರಸ್ತಿಗೆ ಕೊಟ್ಟಾಗ ಮನೆಯ ವಿದ್ಯುತ್ ಕೆಲಸಕ್ಕೆ ಬಳಸುವ ಕಪ್ಪು ಅಂಟು ಟೇಪನ್ನೇ ಉದ್ದಕ್ಕೂ ಸುತ್ತಿಬಿಡುವುದು ಸಾಮಾನ್ಯ. ನೋಡಲು ಅಂದ, ಅಗ್ಗವೂ ಹೌದು. ಆದರೆ ಎಂಜಿನ್ನಿನ ಕಾವಿಗೆ ಅದರ ಅಂಟು ಮೆತ್ತಗಾಗಿ ಹೊರಗೆ ಒಸರುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ, ಕ್ರಮೇಣ ತುದಿ ಬಿಚ್ಚಿ ಜೋಲುತ್ತದೆ. ಮುಂದೆ ದೋಷ ಹುಡುಕಬೇಕಾದವನ ಕೈಯೆಲ್ಲ ಅಂಟು. ತಂತಿಗಳ ಬಣ್ಣವೇ ಗುರುತು ಸಿಗದು.

ಹಿಂದೆ ಬ್ರಿಟಿಷ್ ಕಾರ್ಖಾನೆಗಳವರು ಈ ಕಟ್ಟಿಗೆ ಮೊದಲು ನೂಲಿನ ಹೆಣಿಗೆಯನ್ನೂ ಅನಂತರ ಅಂಟಿಲ್ಲದ ಪಿ.ವಿ.ಸಿ. ಪಟ್ಟಿಯನ್ನೂ ಬಳಸುತ್ತಿದ್ದರು. ಅಂಟಿಲ್ಲದೆ ನಿಲ್ಲುವುದು ಹೇಗೆಂದು ಕೇಳಬಹುದು. ತುಸು ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಅಗಲವನ್ನು ಮುಚ್ಚುವಂತೆ ಸುತ್ತಿದರೆ ಅದು ತನ್ನ ಬಿಗಿಯಿಂದಲೇ ನಿಲ್ಲುತ್ತದೆ. ತುದಿಗಳಲ್ಲಿ ಮಾತ್ರ ಅಂಟು ಟೇಪಿನ ಒಂದೊಂದು ತುಣುಕು ಸಾಕು. ಕಾರಿನ ಮೂಲರೂಪ ಉಳಿಯಬೇಕೆನ್ನುವವರಿಗೆ ಇದೇ ಸರಿಯೆಂದು ನಾವು ಭಾವಿಸುತ್ತೇವೆ. ದಿನವೂ ಓಡುವ ಕಾರಾದರೆ ಎಂಜಿನ್ನಿನ ಬಳಿಗೆ ಪಾಲಿಯೆಸ್ಟರ್ ಬಟ್ಟೆಯ ಟೇಪು ಉತ್ತಮ. 125 ಡಿಗ್ರಿ ಸೆಲ್ಸಿಯಸ್ ಶಾಖ ತಾಳುವುದೇ ಎಂದು ವಿಚಾರಿಸಿ ಕೊಳ್ಳತಕ್ಕದ್ದು. ಡ್ಯಾಶ್‌ಬೋರ್ಡಿನ ಹಿಂದೆ, ಕಟ್ಟು ತಗಡಿಗೆ ತಾಗಿ ಕಟಕಟ ಎನ್ನುವಲ್ಲಿ, ಮೆತ್ತನೆಯ ಫ್ಲೀಸ್ ಟೇಪು ಸಾಕು.

ಇಷ್ಟಾದರೂ ಟೇಪೆಂಬುದು ಕಟ್ಟಿಗೆ ತೊಡಿಸಿದ ಉಡುಪು ಮಾತ್ರ. ಒಳಗಿನ ತಂತಿಯ ಹೊದಿಕೆಯೇ ಬಿರಿದು ತಾಮ್ರ ಕಾಣುತ್ತಿದ್ದರೆ, ಯಾವ ಟೇಪು ಸುತ್ತಿದರೂ ಅಪಾಯ ಮರೆಯಾಗುತ್ತದೆಯೇ ವಿನಾ ನೀಗುವುದಿಲ್ಲ. ಹಳೆಯ ಮಾದರಿಗಳಲ್ಲಿ ಫ್ಯೂಸುಗಳು ಬಹಳ ಕಡಮೆ. ಎಲ್ಲ ತಂತಿಗಳಿಗೂ ಅವುಗಳ ರಕ್ಷಣೆಯಿಲ್ಲ. ಬರಿದಾದ ತಂತಿ ಕಾರಿನ ಮೈಗೆ ತಾಗಿದರೆ ಕಟ್ಟೇ ಹೊತ್ತಿಕೊಳ್ಳಬಹುದು. ಅಂಥ ತಂತಿಯನ್ನು ಅದೇ ದಪ್ಪದ ಹೊಸ ತಂತಿಯಿಂದ ಬದಲಾಯಿಸಿದ ಮೇಲೆಯೇ ಟೇಪು ಸುತ್ತಿಸಬೇಕು.

ಯಾರ ಕಣ್ಣಿಗೂ ಬೀಳದ ಕೆಲಸವನ್ನೂ ಕಾಯಕವೆಂದು ಮಾಡುವ ಕುಶಲಕರ್ಮಿಗಳು ನಮ್ಮ ಊರುಗಳಲ್ಲಿದ್ದಾರೆ. ಅಂಥವರು ಎರಡು ದಿನ ಹೆಚ್ಚು ಕೇಳಿದರೆ ಕೊಡೋಣ. ಟೇಪು ಸುತ್ತುವ ಮುನ್ನ ಮನೆಯವರೊಬ್ಬರು ಹೋಗಿ, ಬಿಚ್ಚಿಟ್ಟ ಕಟ್ಟನ್ನು ಕಣ್ಣಾರೆ ನೋಡಿ ಬರುವುದು ಒಳಿತು. ಬ್ಯಾಟರಿಯ ಕೊಂಡಿ ಕಳಚಿದ್ದಾರೆಯೇ ಎಂಬುದನ್ನೂ.